ವಿಪತ್ತಿನ ಭಯ ಮತ್ತು ಸಿದ್ಧತೆಯ ವಿವೇಕ



ಇಂದಿನ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ ವಿಪತ್ತಿನ ಸಿದ್ಧತೆ. ಸಿದ್ಧತೆಯೇ ಇಲ್ಲದ ಬದುಕು ಹೇಗೆ ತಪ್ಪೋ, ಭಯವೇ ತುಂಬಿಕೊಂಡ ಬದುಕೂ ಹಾಗೆಯೇ ತಪ್ಪು ಎಂಬುದನ್ನು ನಮ್ಮ ಜನ ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಮೊದಲನೆಯ ತಪ್ಪಿಗೆ ಬೆರಳು ತೋರಿಸುತ್ತದೆ. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬ ಮಾತು ಎರಡನೆಯದನ್ನು ಎಚ್ಚರಿಸುತ್ತದೆ. ಈ ಎರಡರ ನಡುವೆ ವಿವೇಕದ ದಾರಿ ಯಾವುದು ಎಂಬುದೇ ನಮ್ಮ ಮುಂದಿನ ಪ್ರಶ್ನೆ.

ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ. ಭಯಕ್ಕೆ ಕಾಣುವುದು ಘಟನೆ. ಸಿದ್ಧತೆಗೆ ಕಾಣಬೇಕಾದದ್ದು ಆ ಘಟನೆಯ ಪರಿಣಾಮ. ಯಾವ ವಿಪತ್ತು, ಯಾವ ದಿನ ಬರುತ್ತದೆಂದು ಊಹಿಸುವುದರಲ್ಲಿ ಭಯ ತನ್ನ ಶಕ್ತಿಯನ್ನೆಲ್ಲ ಕಳೆಯುತ್ತದೆ. ಏನೇ ಬಂದರೂ ನೀರು, ಬೆಳಕು, ಔಷಧ, ಸುದ್ದಿ, ನೆರೆಯವರ ಕೈ ಇವು ಸಿಗುವಂತೆ ನೋಡಿಕೊಳ್ಳುವುದು ಸಿದ್ಧತೆಯ ಕೆಲಸ. ಮೊದಲನೆಯದು ಮನುಷ್ಯನನ್ನು ಒಂಟಿ ಮಾಡುತ್ತದೆ. ಎರಡನೆಯದು ಊರನ್ನು ಕೂಡಿಸುತ್ತದೆ.

ನಿರೀಕ್ಷಿಸಿದ ಪ್ರಳಯ, ನಿರೀಕ್ಷಿಸದ ಆಪತ್ತು

1962ರ ಫೆಬ್ರವರಿ ಮೊದಲ ವಾರದಲ್ಲಿ ಸೂರ್ಯ, ಚಂದ್ರ, ಕುಜ, ಬುಧ, ಗುರು, ಶುಕ್ರ, ಶನಿ ಮತ್ತು ಕೇತು ಮಕರ ರಾಶಿಯಲ್ಲಿ ಕೂಡಿದವು. ಅಷ್ಟಗ್ರಹ ಕೂಟವೆಂದು ಹೆಸರಾದ ಆ ದಿನಗಳಲ್ಲಿ ಪ್ರಳಯವೇ ಆಗುತ್ತದೆಂಬ ಮಾತು ದೇಶದ ಉದ್ದಗಲಕ್ಕೂ ಹಬ್ಬಿತು. ಊರೂರಲ್ಲಿ ಹೋಮ ಹವನ, ಅಖಂಡ ಭಜನೆ ನಡೆದವು. ಜನ ಪ್ರಯಾಣ ಮುಂದೂಡಿದರು, ಶುಭಕಾರ್ಯಗಳನ್ನು ನಿಲ್ಲಿಸಿದರು. ಆ ವಾರ ಎಲ್ಲ ವಾರಗಳಂತೆ ಕಳೆಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹಿಮಾಲಯದ ಗಡಿಯಲ್ಲಿ ಚೀನಾದೊಡನೆ ಯುದ್ಧ ಬಂತು. ಆ ಎತ್ತರದ ಚಳಿಗೆ ತಕ್ಕ ಉಡುಪೂ ಸಾಲದೆ ನಮ್ಮ ಸೈನಿಕರು ಹೋರಾಡಬೇಕಾಯಿತು.

1979ರ ಜುಲೈನಲ್ಲಿ ಮತ್ತೊಮ್ಮೆ ದೇಶ ಆಕಾಶ ನೋಡುತ್ತ ನಿಂತಿತು. ಅಮೆರಿಕದ ಸುಮಾರು 77 ಟನ್ ತೂಕದ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣ ಭೂಮಿಗೆ ಬೀಳಲಿತ್ತು. ಅದು ನಮ್ಮ ತಲೆಯ ಮೇಲೆಯೇ ಬೀಳುತ್ತದೆಂದು ಹೆದರಿದವರು ಹಳ್ಳಿಯಲ್ಲಿಯೂ ಇದ್ದರು, ಪಟ್ಟಣದಲ್ಲಿಯೂ ಇದ್ದರು. ಅದರ ಅವಶೇಷಗಳು ಹಿಂದೂ ಮಹಾಸಾಗರ ಮತ್ತು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಿದ್ದವು, ಯಾರೂ ಸಾಯಲಿಲ್ಲ. ಸರಿಯಾಗಿ ಒಂದು ತಿಂಗಳ ನಂತರ, ಆಗಸ್ಟ್ 11ರಂದು, ಗುಜರಾತಿನ ಮೋರ್ಬಿಯ ಮೇಲ್ಭಾಗದಲ್ಲಿದ್ದ ಮಚ್ಛು ಅಣೆಕಟ್ಟಿನ ಮಣ್ಣಿನ ಏರಿ ಒಡೆಯಿತು. ಬಂದ ನೀರನ್ನು ಹೊರಬಿಡುವ ಸಾಮರ್ಥ್ಯ ಆ ಅಣೆಕಟ್ಟಿಗಿರಲಿಲ್ಲ. ಕೆಳಗಿದ್ದ ಪಟ್ಟಣಕ್ಕೆ ಸಕಾಲದಲ್ಲಿ ಸುದ್ದಿ ಮುಟ್ಟಲಿಲ್ಲ. ಸಾವಿರಾರು ಜನ ಕೊಚ್ಚಿಹೋದರು.

ಈ ಎರಡು ವರ್ಷಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಭಯದ ಸ್ವಭಾವ ಸ್ಪಷ್ಟವಾಗುತ್ತದೆ. ಭಯ ದೂರದ, ಅದ್ಭುತವಾದ, ದಿನಾಂಕ ಗೊತ್ತುಮಾಡಿದ ಘಟನೆಯನ್ನು ಆರಿಸಿಕೊಳ್ಳುತ್ತದೆ. ಆ ಘಟನೆಯ ಬಗ್ಗೆ ಸಾಮಾನ್ಯ ಮನುಷ್ಯ ಮಾಡಬಹುದಾದದ್ದು ಏನೂ ಇರುವುದಿಲ್ಲ. ಯಾರಾದರೂ ಏನಾದರೂ ಮಾಡಬಹುದಾಗಿದ್ದ ಆಪತ್ತು, ಅಂದರೆ ಸೈನಿಕನ ಉಡುಪು, ಅಣೆಕಟ್ಟಿನ ಕೋಡಿ, ಕೆಳಗಿನ ಊರಿಗೆ ಒಂದು ಸುದ್ದಿ, ಭಯದ ಗಮನಕ್ಕೇ ಬರುವುದಿಲ್ಲ.

ಕೆಲವೊಮ್ಮೆ ಭಯವೇ ವಿಪತ್ತಾಗುತ್ತದೆ. 2012ರ ಆಗಸ್ಟಿನಲ್ಲಿ ಹಲ್ಲೆಯಾಗುತ್ತದೆಂಬ ವದಂತಿ ಮೊಬೈಲ್ ಸಂದೇಶಗಳಲ್ಲಿ ಹರಡಿತು. ಈಶಾನ್ಯ ರಾಜ್ಯಗಳ ಸಾವಿರಾರು ಜನ ಕೆಲಸ, ಓದು ಬಿಟ್ಟು ಬೆಂಗಳೂರಿನಿಂದ ಗುವಾಹಟಿಯ ರೈಲು ಹತ್ತಿದರು. ಕೇಂದ್ರ ಸರ್ಕಾರ ಸಗಟು ಸಂದೇಶಗಳಿಗೆ ಮಿತಿ ಹೇರಬೇಕಾಯಿತು. ಹೆದರಿ ಹೊರಟವರನ್ನು ನಾವು ದೂಷಿಸಲಾರೆವು. ಧೈರ್ಯ ಹೇಳುವ ನೆರೆಯವನೊಬ್ಬ, ನಂಬಬಹುದಾದ ಸುದ್ದಿಯ ಮೂಲವೊಂದು ಪ್ರತಿಯೊಬ್ಬರಿಗೂ ಹತ್ತಿರದಲ್ಲಿದ್ದಿದ್ದರೆ ಅಷ್ಟು ಜನ ಊರು ಬಿಡುತ್ತಿರಲಿಲ್ಲವೆಂಬುದು ನನ್ನ ನಂಬಿಕೆ. ಆದ್ದರಿಂದ ಸರಿಯಾದ ಸುದ್ದಿಯೂ ಸಿದ್ಧತೆಯ ಸಾಮಗ್ರಿಯೇ.

ಮನಸ್ಸು ಲೆಕ್ಕ ತಪ್ಪುವುದೇಕೆ?

ಸಭಿಕರೆ, ಹೀಗೆ ಲೆಕ್ಕ ತಪ್ಪುವುದು ಅವಿದ್ಯಾವಂತರ ದೌರ್ಬಲ್ಯವೆಂದು ಯಾರೂ ತಿಳಿಯಬಾರದು. ಯಾವುದು ಸುಲಭವಾಗಿ ನೆನಪಿಗೆ ಬರುತ್ತದೋ ಅದೇ ಹೆಚ್ಚಾಗಿ ನಡೆಯುತ್ತದೆಂದು ಮನಸ್ಸು ಎಣಿಸುತ್ತದೆ. ಆಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ ಎಂಬ ಮನೋವಿಜ್ಞಾನಿಗಳು ಇದನ್ನು 1973ರಲ್ಲಿಯೇ ತೋರಿಸಿಕೊಟ್ಟರು. 2001ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಗೋಪುರಗಳ ಮೇಲೆ ವಿಮಾನ ದಾಳಿಯಾದ ಮೇಲೆ ಬಹಳಷ್ಟು ಅಮೆರಿಕನ್ನರು ವಿಮಾನ ಬಿಟ್ಟು ಕಾರಿನಲ್ಲಿ ದೂರ ಪ್ರಯಾಣ ಮಾಡತೊಡಗಿದರು. ಈ ಬದಲಾವಣೆಯಿಂದ ಮುಂದಿನ ಹನ್ನೆರಡು ತಿಂಗಳಲ್ಲಿ ರಸ್ತೆಯ ಮೇಲೆ ಸುಮಾರು 1,500 ಮಂದಿ ಹೆಚ್ಚಾಗಿ ಸತ್ತರೆಂದು ಗೆರ್ಡ್ ಗಿಗರೆಂಜರ್ ಎಂಬ ಜರ್ಮನ್ ವಿದ್ವಾಂಸರು ಅಂದಾಜು ಮಾಡಿದ್ದಾರೆ. ಅಪರೂಪದ ಸಾವಿನಿಂದ ತಪ್ಪಿಸಿಕೊಳ್ಳಲು ಹೋಗಿ ಆ ಪ್ರಯಾಣಿಕರು ದಿನನಿತ್ಯದ ಸಾವಿಗೆ ಸಿಕ್ಕಿದರು.

ನಮ್ಮ ದೇಶದ ದಿನನಿತ್ಯದ ಸಾವಿನ ಲೆಕ್ಕ ಹೀಗಿದೆ. 2022ರಲ್ಲಿ ರಸ್ತೆ ಅಪಘಾತಗಳಲ್ಲಿ ಸತ್ತವರು 1,68,491 ಮಂದಿ. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವು ಕಡಿತದಿಂದ ಸುಮಾರು 12 ಲಕ್ಷ ಜನ ಸತ್ತಿರಬಹುದೆಂದು ಒಂದು ದೊಡ್ಡ ಅಧ್ಯಯನ ಅಂದಾಜಿಸಿದೆ. ಸಿಡಿಲಿಗೆ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಬಲಿಯಾಗುತ್ತಾರೆ. ಅವರಲ್ಲಿ ಹೊಲದಲ್ಲಿ ದುಡಿಯುವವರು, ಕುರಿ ಕಾಯುವವರೇ ಬಹಳ. ಈ ಸಾವುಗಳು ಒಂದೊಂದಾಗಿ, ಒಂದೊಂದು ಊರಿನಲ್ಲಿ ಆಗುವುದರಿಂದ ದೊಡ್ಡ ಸುದ್ದಿಯಾಗುವುದಿಲ್ಲ. ಸುದ್ದಿಯಾಗದ್ದರಿಂದ ಯಾರೂ ಇವಕ್ಕೆ ಸಿದ್ಧರಾಗುವುದಿಲ್ಲ. ಪ್ರಳಯದ ಬಗ್ಗೆ ಗಂಟೆಗಟ್ಟಲೆ ವಿಡಿಯೊ ನೋಡಿ, ಹೆಲ್ಮೆಟ್ ಹಾಕದೆ ಮಗುವನ್ನು ಬೈಕಿನಲ್ಲಿ ಶಾಲೆಗೆ ಬಿಟ್ಟುಬರುವ ತಂದೆಗೆ ಮಗುವಿನ ಮೇಲೆ ಪ್ರೀತಿಯಿಲ್ಲವೆಂದಲ್ಲ. ಅವನ ಭಯ ಇರಬೇಕಾದ ಕಡೆ ಇಲ್ಲ, ಅಷ್ಟೆ.

ಒಡಿಶಾ ಕಲಿತ ಪಾಠ

ಹಾಗಾದರೆ ಸರಿಯಾದ ಸಿದ್ಧತೆ ಹೇಗಿರುತ್ತದೆ? ಈ ಪ್ರಶ್ನೆಗೆ ನಮ್ಮ ದೇಶದಲ್ಲಿ ಒಡಿಶಾ ಕೊಟ್ಟಷ್ಟು ಚೆನ್ನಾದ ಉತ್ತರವನ್ನು ಬೇರಾರೂ ಕೊಟ್ಟಿಲ್ಲ. 1999ರ ಅಕ್ಟೋಬರ್ 29ರಂದು ಅಲ್ಲಿಯ ಕರಾವಳಿಗೆ ಅಪ್ಪಳಿಸಿದ ಮಹಾ ಚಂಡಮಾರುತದಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. 2013ರ ಅಕ್ಟೋಬರ್ 12ರಂದು ಫೈಲಿನ್ ಎಂಬ ಭಾರಿ ಚಂಡಮಾರುತ ಗೋಪಾಲಪುರದ ಬಳಿ ದಡ ಮುಟ್ಟಿದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸುರಕ್ಷಿತ ಜಾಗಗಳಿಗೆ ಸಾಗಿಸಲಾಗಿತ್ತು. 2019ರ ಮೇ 3ರಂದು ಫನಿ ಬಂದಾಗ ಹನ್ನೆರಡು ಲಕ್ಷ ಜನರನ್ನು ಸಾಗಿಸಲಾಯಿತು. ಈ ಎರಡು ಸಲವೂ ಆ ರಾಜ್ಯದಲ್ಲಿ ಸತ್ತವರ ಸಂಖ್ಯೆ ನೂರನ್ನು ದಾಟಲಿಲ್ಲ.

ಬದಲಾದದ್ದು ಏನು? 1999ರ ದುರಂತದ ಬೆನ್ನಲ್ಲೇ ವಿಪತ್ತಿಗೆಂದೇ ಒಂದು ರಾಜ್ಯ ಪ್ರಾಧಿಕಾರ ಹುಟ್ಟಿತು. ರಾಷ್ಟ್ರ ಮಟ್ಟದಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಬಂದದ್ದು 2005ರಲ್ಲಿ. ಒಡಿಶಾ ಅದಕ್ಕಾಗಿ ಕಾಯಲಿಲ್ಲ. ಕರಾವಳಿಯುದ್ದಕ್ಕೂ ಕಂಬಗಳ ಮೇಲೆ ಎತ್ತರವಾಗಿ ನಿಂತ ನೂರಾರು ಆಶ್ರಯ ಕಟ್ಟಡಗಳನ್ನು ಕಟ್ಟಿದರು. ಆ ಕಟ್ಟಡಗಳಿಗೆ ಬೀಗ ಹಾಕಿ ಚಂಡಮಾರುತಕ್ಕಾಗಿ ಕಾಯಲಿಲ್ಲ. ಉಳಿದ ದಿನಗಳಲ್ಲಿ ಅವು ಶಾಲೆಯಾಗಿ, ಊರಿನ ಸಭೆಯ ಜಾಗವಾಗಿ ಬಳಕೆಯಲ್ಲಿದ್ದವು. ದಿನವೂ ಮಕ್ಕಳು ಓಡಾಡುವ ಕಟ್ಟಡದಲ್ಲಿ ಬಾಗಿಲು ತುಕ್ಕು ಹಿಡಿಯುವುದಿಲ್ಲ, ಮೆಟ್ಟಿಲು ಎಲ್ಲಿದೆಯೆಂದು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಊರಿನ ಯುವಕ ಯುವತಿಯರಿಗೆ ಎಚ್ಚರಿಕೆ ಕೊಡುವುದು, ಜನರನ್ನು ಸಾಗಿಸುವುದು, ಪ್ರಥಮ ಚಿಕಿತ್ಸೆ ಮಾಡುವುದು ಇಂಥ ಕೆಲಸಗಳನ್ನು ಹಂಚಿಕೊಟ್ಟು ಅಭ್ಯಾಸ ಮಾಡಿಸಿದರು. ಗಾಳಿ ದಿಕ್ಕು ಬದಲಿಸಿ ಮುನ್ಸೂಚನೆ ಸುಳ್ಳಾದರೂ ಜನ ಮುಂದಿನ ಸಲ ಹೊರಡಲು ಒಪ್ಪಬೇಕಲ್ಲವೆ? ಹೋದ ಜಾಗದಲ್ಲಿ ಊಟ, ನೀರು, ಮರ್ಯಾದೆ ಸಿಕ್ಕರೆ ಮಾತ್ರ ಆ ಒಪ್ಪಿಗೆ ಉಳಿಯುತ್ತದೆ.

ಅಭ್ಯಾಸದ ಬೆಲೆಗೆ ಜಪಾನಿನ ಕಮೈಶಿ ಪಟ್ಟಣ ಮತ್ತೊಂದು ಸಾಕ್ಷಿ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಆ ಪಟ್ಟಣ ಭಾರಿ ಸಾವುನೋವು ಕಂಡಿತು. ಆದರೆ ಅಲ್ಲಿಯ ಸುಮಾರು ಮೂರು ಸಾವಿರ ಶಾಲಾ ಮಕ್ಕಳಲ್ಲಿ ಬಹುಪಾಲು ಎಲ್ಲರೂ ಉಳಿದರು. ಹಿರಿಯ ಶಾಲೆಯ ಮಕ್ಕಳು ನೆಲ ನಡುಗಿದೊಡನೆ ಎತ್ತರದ ಕಡೆ ಓಡಿದರು. ಅದನ್ನು ಕಂಡು ಪಕ್ಕದ ಪ್ರಾಥಮಿಕ ಶಾಲೆಯ ಮಕ್ಕಳೂ ಹಿಂಬಾಲಿಸಿದರು. ನಿಗದಿಯಾದ ಜಾಗ ತಲುಪಿದಾಗ ಅಲ್ಲಿಯ ಗುಡ್ಡದ ಅಂಚು ಕುಸಿದದ್ದು ಕಾಣಿಸಿತು. ಅಲ್ಲಿ ನಿಲ್ಲದೆ ಇನ್ನೂ ಮೇಲಕ್ಕೆ ಹತ್ತಿದರು. ನಕ್ಷೆಯಲ್ಲಿ ಬರೆದದ್ದನ್ನೇ ನಂಬಿ ಕೂರಬೇಡಿ, ಕಣ್ಣೆದುರಿನ ಪರಿಸ್ಥಿತಿ ನೋಡಿ ಎಂದು ಅವರಿಗೆ ಹಲವು ವರ್ಷಗಳಿಂದ ಕಲಿಸಲಾಗಿತ್ತು. ಭಯಪಟ್ಟ ಮಗು ದಿಕ್ಕೆಟ್ಟು ನಿಲ್ಲುತ್ತದೆ. ಅಭ್ಯಾಸವಿದ್ದ ಮಗು ತಾನೂ ಓಡಿ, ಚಿಕ್ಕವರ ಕೈಯನ್ನೂ ಹಿಡಿಯುತ್ತದೆ.

ನಮ್ಮ ನೆಲದ ಸಿದ್ಧತೆ

ಇವೆಲ್ಲ ನಮಗೆ ಹೊಸ ವಿದ್ಯೆಯಲ್ಲ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದರು. ನೆಲದೊಳಗೆ ಆಳವಾಗಿ ತೋಡಿದ ಗುಂಡಿಗೆ ಹುಲ್ಲು ಹಾಸಿ, ಕಾಳು ತುಂಬಿ, ಬಾಯಿಗೆ ಮಣ್ಣು ಮೆತ್ತಿದರೆ ಧಾನ್ಯ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ತೆರೆದ ಕೂಡಲೇ ಯಾರೂ ಒಳಗಿಳಿಯುತ್ತಿರಲಿಲ್ಲ. ಒಳಗಿನ ಕೆಟ್ಟ ಗಾಳಿ ಹೊರಹೋಗಲು ಬಿಟ್ಟು ಆಮೇಲೆ ಇಳಿಯುತ್ತಿದ್ದರು. ಬರವೆಂಬುದು ಆ ನೆಲಕ್ಕೆ ಅಪರೂಪದ ಅತಿಥಿಯಲ್ಲ, ಮತ್ತೆ ಮತ್ತೆ ಬರುವುದೇ ಎಂದು ಆ ಜನಕ್ಕೆ ಗೊತ್ತಿತ್ತು. ಮಲೆನಾಡಿನಲ್ಲಿ ಮೇ ತಿಂಗಳೊಳಗೆ ಸೌದೆ ಕೊಟ್ಟಿಗೆ ಸೇರುತ್ತಿತ್ತು, ಹಂಚು ಸರಿಯಾಗುತ್ತಿತ್ತು. ಹಪ್ಪಳ, ಸಂಡಿಗೆ, ಮಿಡಿ ಉಪ್ಪಿನಕಾಯಿ, ಉಪ್ಪು, ಹುಣಸೆ ಎಲ್ಲವೂ ಜಡಿಮಳೆಗೆ ಮೊದಲೇ ಮನೆಯಲ್ಲಿರುತ್ತಿದ್ದವು. ಇದನ್ನು ಯಾರೂ ಹೆದರಿ ಮಾಡುತ್ತಿರಲಿಲ್ಲ. ಮಳೆಗಾಲ ಬರುತ್ತದೆಂದು ಗೊತ್ತಿದ್ದುದರಿಂದ ಮಾಡುತ್ತಿದ್ದರು. ಮಳೆ ಕಡಿಮೆಯಾದ ವರ್ಷ ಹಪ್ಪಳ ದಂಡವಾಯಿತೆಂದು ಯಾರೂ ಮರುಗುತ್ತಿರಲಿಲ್ಲ.

ಆದರೆ ಮನೆಯ ಸಿದ್ಧತೆಗೂ ಒಂದು ಮಿತಿಯಿದೆ. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ ಮೈಸೂರು ಸಂಸ್ಥಾನ ತನ್ನ ಜನಸಂಖ್ಯೆಯ ಸುಮಾರು ಐದನೇ ಒಂದು ಭಾಗವನ್ನು ಕಳೆದುಕೊಂಡಿತು. ಅಂಥ ಕಾಲದಲ್ಲಿ ಒಂದು ಮನೆಯ ಕಣಜ ಸಾಲದು. ಧಾನ್ಯ ಸಾಗಿಸುವ ರೈಲು, ಕೆಲಸ ಕೊಡುವ ಸರ್ಕಾರ, ನೀರು ನಿಲ್ಲಿಸುವ ಕೆರೆ ಬೇಕಾಗುತ್ತವೆ. ಈ ಮಿತಿಯ ಮಾತಿಗೆ ಮತ್ತೆ ಬರುತ್ತೇನೆ.

ಮನೆ ಮತ್ತು ಊರು ಮಾಡಬೇಕಾದದ್ದು

ಪರಿಣಾಮವನ್ನು ನೋಡಿ ಸಿದ್ಧರಾಗುವುದೆಂದರೆ ಏನೆಂದು ಈಗ ಹತ್ತಿರದಿಂದ ನೋಡೋಣ. ಪ್ರವಾಹ, ಭೂಕುಸಿತ, ಬಿರುಗಾಳಿ, ಬೆಂಕಿ, ಕರ್ಫ್ಯೂ ಏನೇ ಬರಲಿ, ಮೊದಲ ಮೂರು ದಿನ ಮನೆಗೆ ಬೇಕಾಗುವುದು ಬಹುಪಾಲು ಒಂದೇ. ತಲೆಗೆ ದಿನಕ್ಕೆ ನಾಲ್ಕು ಲೀಟರಿನಂತೆ ಕುಡಿಯುವ ಮತ್ತು ಅಡುಗೆಯ ನೀರು, ಬೇಯಿಸದೆ ತಿನ್ನಬಹುದಾದ ಅವಲಕ್ಕಿ, ಹುರಿಗಡಲೆ, ಬೆಲ್ಲ, ಒಂದು ಟಾರ್ಚು, ಹೆಚ್ಚಿನ ಬ್ಯಾಟರಿ, ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆಗಳು ಒಂದು ವಾರಕ್ಕಾಗುವಷ್ಟು, ಒಆರ್‌ಎಸ್ ಪೊಟ್ಟಣ, ಆಧಾರ್, ಪಹಣಿ, ಬ್ಯಾಂಕ್ ಪುಸ್ತಕದ ನಕಲುಗಳು ಪ್ಲಾಸ್ಟಿಕ್ ಚೀಲದಲ್ಲಿ, ಸ್ವಲ್ಪ ಚಿಲ್ಲರೆ ಹಣ. ಫೋನ್ ಸತ್ತರೂ ನೋಡಬಹುದಾದಂತೆ ಕಾಗದದ ಮೇಲೆ ಬರೆದ ಹತ್ತು ನಂಬರುಗಳು. ತುರ್ತು ಸಹಾಯಕ್ಕೆ 112, ಆಂಬುಲೆನ್ಸಿಗೆ 108, ಅಡುಗೆ ಅನಿಲ ಸೋರಿದರೆ 1906. ಇಷ್ಟಕ್ಕೆ ಬಂಕರ್ ಬೇಕಿಲ್ಲ. ಅಡುಗೆಮನೆಯ ಒಂದು ಗೂಡು ಸಾಕು.

ಇದಕ್ಕಿಂತ ಮುಖ್ಯವಾದದ್ದು ತಿಳಿವಳಿಕೆ. ಕೊಡಗು 2018ರ ಆಗಸ್ಟಿನಲ್ಲಿ ಕಂಡಂಥ ಭೂಕುಸಿತ ಒಮ್ಮೆಲೇ ಬಂದಂತೆ ಕಂಡರೂ ಎಷ್ಟೋ ಸಲ ಮೊದಲೇ ಗುರುತು ಕೊಡುತ್ತದೆ. ಇಳಿಜಾರಿನಲ್ಲಿ ಹೊಸ ಬಿರುಕು, ಒಂದೇ ಕಡೆಗೆ ವಾಲುವ ಮರ ಮತ್ತು ಕಂಬ, ಇದ್ದಕ್ಕಿದ್ದಂತೆ ಕೆಂಪಾಗುವ ಬಾವಿ ಅಥವಾ ತೊರೆಯ ನೀರು, ನೀರಿಲ್ಲದ ಜಾಗದಲ್ಲಿ ಹೊಸ ಒರತೆ, ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವ ಬಾಗಿಲು. ಸತತ ಮಳೆಯ ದಿನಗಳಲ್ಲಿ ಇವುಗಳಲ್ಲಿ ಒಂದು ಕಂಡರೂ ರಾತ್ರಿ ಅಲ್ಲಿ ಮಲಗಬಾರದು. ಸಿಡಿಲಿನ ವಿಷಯದಲ್ಲಿ ಲೆಕ್ಕ ಇನ್ನೂ ಸರಳ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಗಟ್ಟಿ ಕಟ್ಟಡದ ಒಳಗೆ ಹೋಗಬೇಕು, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಬರಬಾರದು, ಮರದ ಕೆಳಗೆ ನಿಲ್ಲಲೇಬಾರದು. ಹಾವು ಕಚ್ಚಿದರೆ ಕಟ್ಟು ಬಿಗಿಯಬಾರದು, ಗಾಯ ಕೊಯ್ಯಬಾರದು. ಅಂಗ ಅಲುಗಾಡದಂತೆ ಇಟ್ಟು ಪ್ರತಿವಿಷ ಇರುವ ಆಸ್ಪತ್ರೆಗೆ ನೇರವಾಗಿ ಹೋಗಬೇಕು. ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆಯೆಂದು ಇಂದೇ ತಿಳಿದಿಟ್ಟುಕೊಳ್ಳುವುದೇ ಸಿದ್ಧತೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದ್ದು ಈ ದಾರಿಯ ಒಳ್ಳೆಯ ಹೆಜ್ಜೆ.

ನಮ್ಮ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರ ನಿಗಾ ಘಟಕವಾಗಿ ಹುಟ್ಟಿತು. ಇಂದು ಅದರ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟಕ್ಕೆ ತಲುಪಿವೆ. ಆದರೆ ಮುನ್ಸೂಚನೆ ಕಚೇರಿಯ ತೆರೆಯ ಮೇಲಿದ್ದರೆ ಸಾಲದು. ಮೊಬೈಲ್ ಇಲ್ಲದ ಅಜ್ಜಿಗೆ ಅದನ್ನು ಯಾರು ಹೇಳುತ್ತಾರೆ, ನಡೆಯಲಾರದವರನ್ನು ಯಾರ ಜೀಪಿನಲ್ಲಿ ಕರೆದೊಯ್ಯುತ್ತಾರೆ ಎಂಬುದು ಮೊದಲೇ ಹೆಸರು ಸಮೇತ ಗೊತ್ತಾಗಿರಬೇಕು.

ಅಪರೂಪದ ವಿಪತ್ತು ಯಾರ ಹೊಣೆ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ. ಅಪರೂಪದ ವಿಪತ್ತನ್ನು ಕಡೆಗಣಿಸಬೇಕೆ? ಖಂಡಿತ ಇಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಸುಮಾರು ಹತ್ತು ಸಾವಿರ ಜನ ಸತ್ತರು. ದಖನ್ ಪ್ರಸ್ಥಭೂಮಿ ಅಲುಗದ ನೆಲವೆಂಬ ನಂಬಿಕೆ ಅಂದು ಒಡೆಯಿತು. ಮಲಗಿದ್ದವರ ಮೇಲೆ ಬಿದ್ದದ್ದು ಕಲ್ಲು ಮಣ್ಣಿನ ದಪ್ಪ ಗೋಡೆ ಮತ್ತು ಭಾರವಾದ ಮಾಳಿಗೆ. ಇದಕ್ಕೆ ಉತ್ತರ ಪ್ರತಿ ರಾತ್ರಿ ಅಂಗಳದಲ್ಲಿ ಮಲಗುವುದಲ್ಲ; ಮನೆ ಕಟ್ಟುವ ಕ್ರಮವನ್ನು ಬದಲಿಸುವುದು, ಆ ನಿಯಮ ಪಾಲನೆಯಾಗುವಂತೆ ನೋಡುವುದು. ಮನೆ ಕಟ್ಟುವ ಗೌಂಡಿಗೆ ಮೂಲೆಯ ಜೋಡಣೆ, ಬಾಗಿಲಿನ ಮೇಲಿನ ಕಾಂಕ್ರೀಟ್ ಪಟ್ಟಿ ಕಲಿಸಿದರೆ ಮನೆಯೊಡೆಯ ನಿಶ್ಚಿಂತೆಯಿಂದ ನಿದ್ದೆ ಮಾಡಬಹುದು.

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದರು, ನದಿ ದಂಡೆಯ ಊರುಗಳಿಗೆ ಎಚ್ಚರಿಕೆ ಹೋಯಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಗೇಟಿನ ತುಂಡುಗಳನ್ನು ಇಳಿಸಿ ಸುಮಾರು ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಆ ಎಂಜಿನಿಯರುಗಳು ಮತ್ತು ಕೆಲಸಗಾರರಿಗೆ ನಾಡು ಕೃತಜ್ಞವಾಗಿರಬೇಕು. ಆದರೆ ಆ ತುಂಡುಗಳನ್ನು ಗೇಟು ಹೋದ ಮೇಲೆ ತಯಾರಿಸಬೇಕಾಯಿತೆಂಬುದನ್ನೂ ನಾವು ಮರೆಯಬಾರದು. ಅಣೆಕಟ್ಟು ಸುರಕ್ಷತಾ ಕಾಯ್ದೆ 2021ರಿಂದ ಇದೆ. ಗೇಟಿನ ಸರಪಳಿಯನ್ನು ಪರೀಕ್ಷಿಸುವುದು ನದಿಯಂಚಿನ ರೈತನಿಂದಾಗದು. ಪರೀಕ್ಷೆ ಆಗಿದೆಯೆ ಎಂದು ಕೇಳುವುದು ಅವನಿಂದಾಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದಾಗಲೂ ಗುಡ್ಡವನ್ನು ಕಡಿದ ರೀತಿಯ ಬಗ್ಗೆ ಇದೇ ಪ್ರಶ್ನೆ ಎದ್ದಿತು.

ಆದ್ದರಿಂದ ಹೊಣೆಯ ಹಂಚಿಕೆ ಹೀಗಿರಬೇಕೆಂದು ನನ್ನ ನಿಲುವು. ಪದೇ ಪದೇ ಬರುವ ಆಪತ್ತಿಗೆ ಮನೆ ಮತ್ತು ಊರು ಸಿದ್ಧವಾಗಬೇಕು. ಅಪರೂಪದ ಮಹಾವಿಪತ್ತಿಗೆ ಸಂಸ್ಥೆಗಳು ಸಿದ್ಧವಾಗಬೇಕು, ನಾಗರಿಕರು ಅವುಗಳನ್ನು ಪ್ರಶ್ನಿಸುತ್ತಿರಬೇಕು. ಸಂಸ್ಥೆಗಳ ಕೆಲಸವನ್ನು ಒಬ್ಬೊಬ್ಬ ಮನುಷ್ಯ ತನ್ನ ತಲೆಯ ಮೇಲೆ ಹೊತ್ತುಕೊಂಡಾಗ ಹುಟ್ಟುವುದೇ ಭೀತಿಯ ಬದುಕು.

ಸಿದ್ಧತೆಯ ನೀತಿ

ಕೊನೆಯದಾಗಿ ನೀತಿಯ ಮಾತು. 2021ರ ಏಪ್ರಿಲ್ ಮೇ ತಿಂಗಳುಗಳಲ್ಲಿ ಕೋವಿಡ್ಡಿನ ಎರಡನೆಯ ಅಲೆ ಬಂದಾಗ ಆಸ್ಪತ್ರೆಗಳಲ್ಲಿ ಆಮ್ಲಜನಕವಿಲ್ಲದೆ ಜನ ಸಾಯುತ್ತಿದ್ದರು. ಅದೇ ದಿನಗಳಲ್ಲಿ ಕಾಯಿಲೆ ಬಾರದ ಮನೆಗಳಲ್ಲಿಯೂ ಮುಂಜಾಗ್ರತೆಯ ಹೆಸರಿನಲ್ಲಿ ಸಿಲಿಂಡರು, ರೆಮ್‌ಡಿಸಿವಿರ್ ಎಂಬ ಔಷಧ ಕೂಡಿಡಲಾಗಿತ್ತು. ಕೂಡಿಟ್ಟವರೆಲ್ಲ ದುಷ್ಟರಲ್ಲ, ಹೆಚ್ಚಿನವರು ಹೆದರಿದವರು. ಆದರೂ ಆ ಸಿಲಿಂಡರು ಬೇರೊಬ್ಬನ ಉಸಿರಾಗಿತ್ತು. ಕೊರತೆ ಬರುವ ಮೊದಲು ಸ್ವಲ್ಪ ಸ್ವಲ್ಪವಾಗಿ ಇಟ್ಟುಕೊಂಡದ್ದು ಸಿದ್ಧತೆ. ಕೊರತೆ ಬಂದ ಮೇಲೆ ಬಾಚಿಕೊಂಡದ್ದು ಪಕ್ಕದವನಿಂದ ಕಸಿದದ್ದೇ ಸರಿ.

ಹೀಗಾಗಿ ನಮ್ಮ ಯಾವ ಸಿದ್ಧತೆಯನ್ನಾದರೂ ಮೂರು ಪ್ರಶ್ನೆಗಳಿಂದ ಅಳೆಯಬಹುದು. ಆ ವಿಪತ್ತು ಬಾರದೇ ಹೋದರೂ ಇದು ಉಪಯೋಗಕ್ಕೆ ಬರುತ್ತದೆಯೆ? ವರ್ಷ ವರ್ಷವೂ ಭಾರವೆನಿಸದೆ ಇದನ್ನು ನಡೆಸಿಕೊಂಡು ಹೋಗಬಹುದೆ? ಇದರಿಂದ ನೆರೆಯವರಿಗೆ ಬಲ ಬರುತ್ತದೆಯೆ, ಅಥವಾ ಅವರ ಪಾಲು ಕಡಿಮೆಯಾಗುತ್ತದೆಯೆ? ಒಡಿಶಾದ ಆಶ್ರಯ ಕಟ್ಟಡ, ಮಲೆನಾಡಿನ ಸೌದೆ ಕೊಟ್ಟಿಗೆ, ಕಮೈಶಿಯ ಮಕ್ಕಳ ಓಟ ಮೂರು ಪ್ರಶ್ನೆಗಳಲ್ಲಿಯೂ ಗೆಲ್ಲುತ್ತವೆ. ಪ್ರಳಯದ ದಿನಾಂಕ ಎಣಿಸುತ್ತ ಕೂಡುವುದು ಒಂದರಲ್ಲಿಯೂ ಗೆಲ್ಲುವುದಿಲ್ಲ.

ಮಾನ್ಯರೆ, ಈ ಸಭೆಯಲ್ಲಿರುವವರಲ್ಲಿ ಶಿಕ್ಷಕರಿದ್ದೀರಿ, ವೈದ್ಯರಿದ್ದೀರಿ, ಪಂಚಾಯಿತಿಯಲ್ಲಿ ದುಡಿಯುವವರಿದ್ದೀರಿ. ನಿಮ್ಮಲ್ಲಿ ನನ್ನದೊಂದು ಬಿನ್ನಹ. ಮುಂಗಾರಿಗೆ ಮುನ್ನ ಪ್ರತಿ ಗ್ರಾಮಸಭೆಯಲ್ಲಿ, ಪ್ರತಿ ಶಾಲೆಯಲ್ಲಿ, ಪ್ರತಿ ಅಪಾರ್ಟ್‌ಮೆಂಟಿನ ಸಂಘದಲ್ಲಿ ಒಂದು ಗಂಟೆಯನ್ನು ಇದಕ್ಕಾಗಿ ಮೀಸಲಿಡಿ. ನಮ್ಮ ಊರಿಗೆ ಹಿಂದೆ ಬಂದ ಆಪತ್ತುಗಳಾವುವು, ಓಡಾಡಲಾರದವರು ಯಾರು ಯಾರು, ಅವರನ್ನು ಕರೆದೊಯ್ಯುವವರು ಯಾರು, ಎಲ್ಲಿಗೆ ಎಂದು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ. ವರ್ಷಕ್ಕೊಮ್ಮೆ ಅದನ್ನು ತಿದ್ದಿ, ಒಮ್ಮೆ ನಡೆದು ನೋಡಿ. ಅಷ್ಟು ಮಾಡಿದ ಊರು ವಿಪತ್ತಿನ ಬಗ್ಗೆ ಹಗಲಿರುಳು ಚಿಂತಿಸಬೇಕಾಗಿಲ್ಲ. ತನ್ನ ಕೆಲಸ ಮಾಡಿಕೊಂಡು ನೆಮ್ಮದಿಯಿಂದ ಬಾಳಬಹುದು.